ರಾತ್ರಿ ಡ್ಯೂಟಿ ಮಾಡುವವನಿಗೆ ಹಗಲು ನಿದ್ದೆ ಬೇಕು

ತಮ್ಮಾ, ಕಾರವಾರದ ಬೈತಖೋಲ ಹತ್ತಿರದ ಗೋದಾಮಿನಲ್ಲಿ ರಾತ್ರಿ ಕಾವಲು ಡ್ಯೂಟಿ, ಮೂರು ಗಂಟೆ ಆಯ್ತು ಅಂದ್ರೆ ಕಣ್ಣು ಎಳೀತದೆ, ಏನು ಮಾಡಲಿ ಮಾವ ಅಂತ ಕೇಳಿದ್ದೀಯಲ್ಲ. ನಾನೂ ಇದೇ ಕೆಲಸ ಮಾಡಿದವನು. ಪೂರ್ತಿ ಕೇಳು.

ಅದು ಸೋಮಾರಿತನ ಅಲ್ಲ. ಮೂರರಿಂದ ಐದರ ತನಕ ಯಾರಿಗಾದರೂ ತೂಕಡಿಕೆ ಜಾಸ್ತಿ. ಕೂತು ಮಾಡುವ ಕೆಲಸವನ್ನೆಲ್ಲ ಎರಡರೊಳಗೆ ಮುಗಿಸು, ಆಮೇಲೆ ಓಡಾಡು. ಸುಮ್ನೆ ಟಾರ್ಚ್ ಬೀಸಿ ಬಂದರೆ ಅದು ರೌಂಡ್ ಅಲ್ಲ. ಒಂದೊಂದು ಬೀಗವನ್ನೂ ಕೈಯಲ್ಲಿ ಹಿಡಿದು ಜಗ್ಗಿ ನೋಡು. ಶಟರಿನ ಬುಡಕ್ಕೆ ಬೆಳಕು ಹಾಕು. ದಿನಾ ಒಂದೇ ಹೊತ್ತಿಗೆ ಹೋಗಬೇಡ, ಕದಿಯುವವರು ಅದನ್ನೇ ನೋಡಿಟ್ಟುಕೊಳ್ಳುತ್ತಾರೆ. ಮಳೆಗಾಲದಲ್ಲಂತೂ ತಗಡಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲೇ ಬೀಗ ಒಡೆದರೂ ಕೇಳೋದಿಲ್ಲ. ಆಗ ಕಿವಿ ನಂಬಿ ಕೂರಬೇಡ, ಎದ್ದು ಹೋಗಿ ನೋಡು. ಹಾವು ಇರ್ತದೆ, ಬೂಟು ಹಾಕಿಕೊಂಡೇ ಹೋಗು. ಒಳಗೆ ಯಾರೋ ಇದ್ದಾರೆ ಅನ್ನಿಸಿದರೆ ಒಬ್ಬನೇ ನುಗ್ಗಬೇಡ. ಹೊರಗೆ ನಿಂತು ಸೂಪರ್‌ವೈಸರಿಗೆ, 112ಕ್ಕೆ ಫೋನ್ ಮಾಡು. ಗೋದಾಮಿನ ಮಾಲಿಗಿಂತ ನಮಗೆ ನೀನು ಮುಖ್ಯ.

ಚಹಾ ಕುಡಿಯೋದಾದರೆ ರಾತ್ರಿ ಎರಡು ಗಂಟೆಯೊಳಗೆ ಕುಡಿ. ಐದು ತಾಸು ಕಳೆದರೂ ಅದರಲ್ಲಿ ನಿದ್ದೆ ಓಡಿಸುವ ಕೆಫೀನಿನ ಸುಮಾರು ಅರ್ಧ ಮೈಯಲ್ಲೇ ಇರ್ತದೆ. ನಾಲ್ಕಕ್ಕೆ ಕುಡಿದರೆ ಮನೆಗೆ ಬಂದು ಹೊರಳಾಡಬೇಕಾಗ್ತದೆ. ನಡುರಾತ್ರಿ ಹೊಟ್ಟೆ ತುಂಬ ಅನ್ನ ಬೇಡ. ತೂಕಡಿಕೆ ಹೋಗ್ತದೆ ಅಂತ ಯಾರಾದರೂ ಗುಟ್ಕಾ ಕೊಟ್ಟರೆ ಮುಟ್ಟಲೇಬೇಡ.

ಆದರೆ ಹಗಲು ನಿದ್ದೆ ಆಗದಿದ್ದರೆ ಇದ್ಯಾವುದೂ ನಡೆಯೋದಿಲ್ಲ. ಅಕ್ಕಾ, ಇದನ್ನು ನೀನೂ ಕೇಳು. ಅವನು ಮಲಗಿದ್ದಾಗ ರೇಷನ್ ತರಲಿಕ್ಕೆ ಅಂತ, ನೆಂಟರು ಬಂದರು ಅಂತ ಎಬ್ಬಿಸಬೇಡ. ನೀವೆಲ್ಲ ರಾತ್ರಿ ಮಲಗಿದಷ್ಟೇ ಹೊತ್ತು ಅವನೂ ಮಲಗಬೇಕು ಅಲ್ವಾ? ಕಿಟಕಿಗೆ ದಪ್ಪ ಕಂಬಳಿ ಕಟ್ಟು. ಅವನ ಮೊಬೈಲ್ ನಿನ್ನ ಹತ್ತಿರ ಇಟ್ಟುಕೋ.

ನನಗೆ ಎಲ್ಲಕ್ಕಿಂತ ಹೆದರಿಕೆ ಬೆಳಿಗ್ಗೆ ಬೈಕಿನಲ್ಲಿ ಅವರ್ಸಾದ ಮನೆಗೆ ಬರುವುದು. ಹೆದ್ದಾರಿ 66ರಲ್ಲಿ ಲಾರಿಗಳು ಹೇಗೆ ಬರ್ತವೆ ನೋಡಿದ್ದೀಯಲ್ಲ. ಕಣ್ಣು ಭಾರ ಇದ್ದರೆ ಬೈಕ್ ಅಲ್ಲೇ ಬಿಟ್ಟು ಬಸ್ ಹತ್ತು. ಡಬಲ್ ಡ್ಯೂಟಿ ಮಾಡಿದ ದಿನ ಬೈಕ್ ಮುಟ್ಟಲೇಬೇಡ.

ಇನ್ನೊಂದು. ಏಜೆನ್ಸಿಗೆ ಲೈಸೆನ್ಸ್ ಇದೆಯಾ? ನಿನಗೆ ತರಬೇತಿ ಕೊಟ್ಟರಾ? ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ 2005ರ ಕಾಯ್ದೆ ಪ್ರಕಾರ ಎರಡೂ ಬೇಕೇ ಬೇಕು. ಕೊಟ್ಟಿಲ್ಲ ಅಂದ್ರೆ ಹೇಳು, ಭಾನುವಾರ ನಾನೇ ಕಾರವಾರಕ್ಕೆ ಬಂದು ಅವರ ಹತ್ತಿರ ಮಾತಾಡ್ತೇನೆ.