ಅಂಚೆಯಣ್ಣನ ಬಗ್ಗೆ ನನಗೆ ನೆನಪಿರುವುದು

ಅಕ್ಕ, ಬೆಳಿಗ್ಗೆ ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ನೋಡಿದೆ. ಅಂಚೆಯಣ್ಣ ಹೋಗಿಬಿಟ್ಟರು ಅಂತ. ಅವರ ಮಗಳಿಗೆ ಕೇಳಿಸಬೇಕು, ಯಾರಿಗೆ ಏನು ನೆನಪಿದೆಯೋ ಹೇಳಿ ಅಂದಿದ್ದೀಯ. ಎರಡು ಸಲ ಶುರು ಮಾಡಿ ನಿಲ್ಲಿಸಿದೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು.

ಎಲ್ಲರೂ ಅವರ ನಗುಮುಖದ ಬಗ್ಗೆ ಹೇಳಿದ್ದಾರೆ. ನಿಜವೇ. ಆದರೆ ನನಗೆ ಅವರನ್ನು ಕಂಡರೆ ಗೌರವ ಇದ್ದದ್ದು ಬೇರೆ ಕಾರಣಕ್ಕೆ. ಬೀದಿಯ ಅಷ್ಟೂ ಮನೆಗಳ ವಿಷಯ ಅವರಿಗೆ ಗೊತ್ತಿತ್ತು. ಯಾರ ಮಗ ಮನಿಯಾರ್ಡರ್ ಕಳಿಸುತ್ತಾನೆ, ಯಾರ ಮಗ ನಿಲ್ಲಿಸಿದ್ದಾನೆ, ಯಾರ ಹೆಸರಿಗೆ ಕೋರ್ಟಿನಿಂದ ರಿಜಿಸ್ಟರ್ಡ್ ಬಂದಿದೆ, ಎಲ್ಲ. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಅವರು ಯಾವತ್ತೂ ಒಯ್ಯಲಿಲ್ಲ. ಯಾರಾದರೂ ಕೆದಕಿದರೆ "ಅವರನ್ನೇ ಕೇಳಿ" ಅಂದು ಮುಂದಕ್ಕೆ ಹೋಗುತ್ತಿದ್ದರು, ಅಷ್ಟೇ.

ಪೋಸ್ಟ್‌ಕಾರ್ಡ್ ಕೊಡುವ ರೀತಿ ನೆನಪಿದೆಯಾ ನಿನಗೆ? ಕಾರ್ಡಿಗೆ ಕವರ್ ಇಲ್ಲ, ಕೈಗೆ ಸಿಕ್ಕವರು ಓದಬಹುದು. ಅದಕ್ಕೇ ಬರೆದ ಬದಿಯನ್ನು ಅಂಗೈಗೆ ಒತ್ತಿಕೊಂಡು, ವಿಳಾಸದ ಬದಿ ಮೇಲೆ ಮಾಡಿ ಹಿಡಿದು ತರುತ್ತಿದ್ದರು. ಪಕ್ಕದವರ ಕಣ್ಣಿಗೂ ಬೀಳಬಾರದು ಅಂತ. ಚಿಕ್ಕವಳಿದ್ದಾಗ ಸುಮ್ನೆ ಹಾಗೆ ಹಿಡಿಯುತ್ತಾರೆ ಅಂದುಕೊಂಡಿದ್ದೆ.

ನಾನು ಕೆಲಸದ ಆರ್ಡರಿಗೆ ಕಾಯುತ್ತಿದ್ದ ದಿನಗಳಲ್ಲಿ ಗೇಟಿನ ಹತ್ತಿರವೇ ನಿಂತಿರುತ್ತಿದ್ದೆ. ಅವರು ತಿರುವಿನಿಂದಲೇ ಇಲ್ಲ ಅಂತ ಕೈ ಆಡಿಸಿಬಿಡುತ್ತಿದ್ದರು. ನಾಲ್ಕು ಜನರ ಎದುರು ನಾನು ಬಾಯಿಬಿಟ್ಟು ಕೇಳುವ ಹಾಗೆ ಮಾಡುತ್ತಿರಲಿಲ್ಲ.

ಆದರೆ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು ಚಿಕ್ಕಮ್ಮನ ವಿಷಯ. ಚಿಕ್ಕಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ, ಗೊತ್ತಲ್ಲ. ಬೇರೆ ದೇಶಕ್ಕೆ ಹೋಗಿದ್ದ ಸ್ಕೂಲಿನ ಗೆಳತಿ ಬ್ರೈಲಿನಲ್ಲಿ ಕಾಗದ ಬರೆಯುತ್ತಿದ್ದಳು. ದಪ್ಪ ಹಾಳೆ, ದೊಡ್ಡ ಕವರ್. ಕಟ್ಟಿನ ಮಧ್ಯೆ ಸೇರಿಸಿ ಬಿಗಿದರೆ ಚುಕ್ಕೆಗಳು ಒತ್ತಿಹೋಗುತ್ತವೆ, ಆಮೇಲೆ ಬೆರಳಿಗೆ ಸಿಗೋದಿಲ್ಲ. ಅಂಚೆಯಣ್ಣ ಆ ಕವರನ್ನು ಚೀಲದ ಮೇಲ್ಗಡೆ ಬೇರೆಯಾಗಿ ಇಟ್ಟು ತರುತ್ತಿದ್ದರು. ಹಾಗೆ ಮಾಡಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಚಿಕ್ಕಮ್ಮನ ಕೈಗೆ ಕೊಟ್ಟು, ಅವಳು ಮೊದಲ ಸಾಲಿನ ಮೇಲೆ ಬೆರಳು ಓಡಿಸುವ ತನಕ ನಿಂತಿರುತ್ತಿದ್ದರು. "ಸರಿಯಾಗಿ ಸಿಗುತ್ತಿದೆಯಾ ಅಮ್ಮ?" ಅಂತ ಕೇಳುತ್ತಿದ್ದರು. ಅವಳು ಹೂಂ ಅಂದ ಮೇಲೇ ಹೊರಡುತ್ತಿದ್ದರು.

ಅವಳು ಉತ್ತರ ಬರೆಯದೆ ಸುಮ್ಮನಿದ್ದಳು. ದುಡ್ಡಿಗೆ ಇನ್ನೊಬ್ಬರ ಮುಂದೆ ಕೈ ಚಾಚಬೇಕಲ್ಲ ಅನ್ನುವ ಸಂಕೋಚ. ಅಂಚೆಯಣ್ಣನೇ ಹೇಳಿದ್ದು, ಕಣ್ಣು ಕಾಣದವರ ಕಾಗದಕ್ಕೆ ಅಂಚೆ ಖರ್ಚಿಲ್ಲ, ವಿಮಾನದಲ್ಲಿ ಕಳಿಸಿದರೆ ಅದರ ಖರ್ಚು ಮಾತ್ರ ಬೇರೆ, ಹೊರದೇಶಕ್ಕೂ ಇದೇ ಲೆಕ್ಕ ಅಂತ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 22 ದೇಶಗಳು ಸೇರಿ ಅಂಚೆ ಒಪ್ಪಂದ ಮಾಡಿಕೊಂಡ ಕಥೆಯನ್ನೂ ಅವತ್ತು ಮೆಟ್ಟಿಲ ಮೇಲೆ ನಿಂತು ಹೇಳಿದ್ದರು. ಆ ಅಕ್ಟೋಬರ್ 9 ಈಗ ವಿಶ್ವ ಅಂಚೆ ದಿನ. ತಮ್ಮ ಮನೆಯ ಹಬ್ಬದ ಹಾಗೆ ಹೇಳುತ್ತಿದ್ದರು ಅದನ್ನು. ಮಾರನೇ ವಾರವೇ ಚಿಕ್ಕಮ್ಮ ಬರೆಯಲು ಕೂತಳು. ಕೊನೆಯ ತನಕ ಬಿಡಲಿಲ್ಲ.

ರಿಟೈರ್ ಆದ ಮೇಲೂ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಡೆಯುತ್ತಿದ್ದರು. ಚೀಲ ಇಲ್ಲದಿದ್ದರೂ ಬಲ ಭುಜ ಕೆಳಗೆ ಬಾಗಿಯೇ ಇರುತ್ತಿತ್ತು. ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು ನನಗೆ.

ಇನ್ನೊಂದು ಹೇಳಿ ನಿಲ್ಲಿಸುತ್ತೇನೆ. ನಾವು ಮನೆ ಬದಲಾಯಿಸಿದ ಮೇಲೂ ಹಳೇ ವಿಳಾಸಕ್ಕೆ ಕಾಗದಗಳು ಬರುತ್ತಲೇ ಇದ್ದವು, ಅಲ್ವಾ? ಅವರು ಹಳೆಯದನ್ನು ಒಂದೇ ಗೆರೆಯಲ್ಲಿ ಹೊಡೆದು, ಹೊಸ ವಿಳಾಸವನ್ನು ನೀಲಿ ಇಂಕಿನಲ್ಲಿ ಬರೆದು ಕಳಿಸುತ್ತಿದ್ದರು. ಅಂಥ ಒಂದು ಕವರ್ ಚಿಕ್ಕಮ್ಮನ ಪೆಟ್ಟಿಗೆಯಲ್ಲಿ ಈಗಲೂ ಇದೆ. ಗುಂಡಗಿನ ಅಕ್ಷರ, ಚಿಕ್ಕಮ್ಮನ ಹೆಸರಿನ ಮುಂದೆ "ಶ್ರೀಮತಿ" ಅಂತ ಪೂರ್ತಿಯಾಗಿ ಬರೆದಿದ್ದಾರೆ. ನಾಳೆ ಬರುವಾಗ ತರುತ್ತೇನೆ. ಅವರ ಮಗಳು ಇಟ್ಟುಕೊಳ್ಳಲಿ, ಅಪ್ಪನ ಕೈಬರಹ ಅದು.