ಅಪ್‌ಡೇಟ್: ಅಣ್ಣ ಮನೆಗೆ ಬಂದಿದ್ದಾನೆ

ದೇವರಾಯನದುರ್ಗದ ಇಳಿಜಾರಿನಲ್ಲಿ ಅಣ್ಣನ ಸೈಕಲ್‌ಗೆ ಯಾವುದೋ ಕಾರು ಗುದ್ದಿ ನಿಲ್ಲಿಸದೆ ಹೋಯಿತು, ತೊಡೆ ಮೂಳೆ ಮುರಿದಿದೆ, ಖರ್ಚಿಗೆ ಏನು ದಾರಿ ಅಂತ ಕೇಳಿದ್ದೆ. ಆಪರೇಷನ್ ಆಯಿತು, ರಾಡ್ ಹಾಕಿದ್ದಾರೆ. ಈಗ ವಾಕರ್ ಹಿಡಿದು ಹಜಾರದ ತನಕ ಬರುತ್ತಾನೆ.

ನೀವು ಹೇಳಿದ ಕೇಂದ್ರದ 2025ರ ನಗದುರಹಿತ ಚಿಕಿತ್ಸೆ ಯೋಜನೆ ಕೈಹಿಡಿಯಿತು. ರಸ್ತೆ ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ. ಕೌಂಟರ್‌ನಲ್ಲಿ ಮೊದಲು ಹಾಗೇನೂ ಇಲ್ಲ ಅಂದರು. ಅಣ್ಣನ ಸೈಕಲ್ ಬಳಗದ ವಕೀಲರೊಬ್ಬರು ಬಂದು ಕೂತ ಮೇಲೆ ಕೆಲಸ ಆಯಿತು. ಗುದ್ದಿದ ಗಾಡಿ ಸಿಗದಿದ್ದರೆ ತೀವ್ರ ಗಾಯಕ್ಕೆ 50 ಸಾವಿರ ಪರಿಹಾರ ಇದೆಯಲ್ವಾ, ಅದಕ್ಕೂ ಅರ್ಜಿ ಕೊಟ್ಟಿದ್ದೇವೆ.

ಆ ಬಳಗದವರ ಬಗ್ಗೆ ಹೇಳಲೇಬೇಕು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಹಾಕಿಕೊಂಡು ಕೂತರು, ಅತ್ತಿಗೆಗೆ ನಿದ್ದೆ ಸಿಕ್ಕಿದ್ದೇ ಅದರಿಂದ. ಒಬ್ಬರು ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುತ್ತಿದ್ದರು. ಕ್ಯಾತ್ಸಂದ್ರದ ಗೆಳೆಯ ಸ್ಟೀಲ್ ಡಬ್ಬಿಯಲ್ಲಿ ತಟ್ಟೆ ಇಡ್ಲಿ ತಂದು, ಅಣ್ಣನ ಬಲಗೈಗೆ ಪಟ್ಟಿ ಇತ್ತು ನೋಡಿ, ಚೂರು ಮಾಡಿ ಬಾಯಿಗೇ ಇಟ್ಟರು. ಕಿವಿಯಿಂದ ಹಿಂದಲೆವರೆಗೆ ಸೀಳಿದ್ದ ಹೆಲ್ಮೆಟ್ಟನ್ನು ತಂದುಕೊಟ್ಟವರೂ ಅವರೇ. ಅದನ್ನು ನೋಡಿ ಅಮ್ಮ ತುಂಬಾ ಅತ್ತರು. ಈ ಋಣ ದೊಡ್ಡದು.

ಈಗ ಕಷ್ಟ ಇರುವುದು ಮೊಣಕಾಲಲ್ಲಿ. ಪೂರ್ತಿ ಮಡಚಲು ಆಗುತ್ತಿಲ್ಲ, ಫಿಸಿಯೋಥೆರಪಿ ನಡೀತಿದೆ. ತೊಡೆಗೆ ರಾಡ್ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ಮನೆಯೊಳಗೆ ವ್ಯಾಯಾಮದ ಸೈಕಲ್ ತುಳಿಯಲು ನಿಮ್ಮ ಡಾಕ್ಟರ್ ಯಾವಾಗ ಬಿಟ್ಟರು? ಅಣ್ಣ ದಿನಾ ಇದನ್ನೇ ಕೇಳುತ್ತಾನೆ.