ತೊಡೆಯ ಗಂಟಿಗೆ ಪೆಟ್ ಸ್ಕ್ಯಾನ್: ಕಳಿಸುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ – ಜಿಲ್ಲಾ ಆಸ್ಪತ್ರೆಯ ಸರ್ಜನ್

58 ವರ್ಷದ ರೋಗಿ. ಬಲತೊಡೆಯ ಸ್ನಾಯುವಿನೊಳಗೆ, ಆಳದಲ್ಲಿ 9 ಸೆಂ.ಮೀ. ಗಂಟು. ಎಂಆರ್‌ಐ ವರದಿಯಲ್ಲಿ ಸಾರ್ಕೋಮಾ (ಸ್ನಾಯು, ಕೊಬ್ಬು, ಮೂಳೆಯಂಥ ಅಂಗಾಂಶದ ಕ್ಯಾನ್ಸರ್) ಶಂಕೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಜೊತೆಗೆ ಇನ್ಸುಲಿನ್ ನಡೆಯುತ್ತಿದೆ. ಬೆಂಗಳೂರಿಗೆ ಎಫ್‌ಡಿಜಿ ಪೆಟ್-ಸಿಟಿಗೆ ಕಳಿಸೋಣ ಅಂತಿದ್ದೇನೆ. ಬಯಾಪ್ಸಿ (ತುಣುಕು ತೆಗೆದು ಪರೀಕ್ಷೆ) ಮೊದಲೋ, ಪೆಟ್ ಮೊದಲೋ? ಪೆಟ್‌ನಲ್ಲಿ ಹೊಳೆಯದಿದ್ದರೆ ಕ್ಯಾನ್ಸರ್ ಅಲ್ಲ ಅಂತ ಬಿಡಬಹುದೇ? ಅನುಭವ ಇದ್ದವರು ಹೇಳಿ.

ನ್ಯೂಕ್ಲಿಯರ್ ಮೆಡಿಸಿನ್ ವೈದ್ಯೆ

ಕೊನೆಯ ಪ್ರಶ್ನೆಗೇ ಮೊದಲು ಉತ್ತರ: ಬಿಡಬೇಡಿ ಸರ್. ಎಫ್‌ಡಿಜಿ ಅಂದರೆ ಫ್ಲೋರಿನ್-18 ಸೇರಿಸಿದ ಗ್ಲೂಕೋಸ್. ಯಾವ ಕೋಶ ಎಷ್ಟು ಸಕ್ಕರೆ ಎಳೆದುಕೊಳ್ಳುತ್ತಿದೆ ಅಂತ ತೋರಿಸುವುದಷ್ಟೇ ಅದರ ಕೆಲಸ. ಲೋ-ಗ್ರೇಡ್ (ಅಷ್ಟು ಉಗ್ರವಲ್ಲದ) ಲೈಪೋಸಾರ್ಕೋಮಾ, ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಎಂಬ ಕೊಬ್ಬಿನ ಕ್ಯಾನ್ಸರ್‌ಗಳು ಪಕ್ಕದ ಸ್ನಾಯುವಿಗಿಂತ ಅಷ್ಟೇನೂ ಹೆಚ್ಚು ಹೊಳೆಯದೆ ಸುಮ್ಮನೆ ಕೂತಿರಬಹುದು. ಅತ್ತ ಶ್ವಾನೋಮಾ, ನಾಡ್ಯುಲರ್ ಫೇಸಿಯೈಟಿಸ್, ಹೈಬರ್ನೋಮಾ, ಕೀಲಿನ ಪೊರೆಯ ಜೈಂಟ್ ಸೆಲ್ ಟ್ಯೂಮರ್ ಇವೆಲ್ಲ ಕ್ಯಾನ್ಸರ್ ಅಲ್ಲದಿದ್ದರೂ ಜೋರಾಗಿಯೇ ಹೊಳೆಯುತ್ತವೆ. ನಮ್ಮ ಕಡೆ ಟಿಬಿಯ ಕೀವುಗಂಟನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಲೇಬೇಕು.

ಹಾಗಾಗಿ ಇಂತಿಷ್ಟು ಎಸ್‌ಯುವಿ (ಎಫ್‌ಡಿಜಿ ಎಷ್ಟು ಹೀರಿಕೊಂಡಿದೆ ಅನ್ನುವ ಅಳತೆ) ದಾಟಿದರೆ ಕ್ಯಾನ್ಸರ್ ಅನ್ನುವ ಗೆರೆ ಎಲ್ಲ ಗಂಟುಗಳಿಗೂ ನಡೆಯುವುದಿಲ್ಲ. ಸ್ವಲ್ಪಮಟ್ಟಿಗೆ ನಡೆಯುವುದು ನ್ಯೂರೋಫೈಬ್ರೊಮಟೋಸಿಸ್ ಟೈಪ್-1 (ನರಗಳಲ್ಲಿ ನ್ಯೂರೋಫೈಬ್ರೋಮಾ ಎಂಬ ಗಂಟು ಬೆಳೆಯುವ ಆನುವಂಶಿಕ ಕಾಯಿಲೆ) ಇರುವವರಲ್ಲಿ. ಇದ್ದ ನ್ಯೂರೋಫೈಬ್ರೋಮಾ ನೋಯಲು ಶುರುವಾಗಿ ದೊಡ್ಡದಾಗುತ್ತಿದ್ದರೆ, 4 ಗಂಟೆ ಬಿಟ್ಟು ತೆಗೆದ ಚಿತ್ರದಲ್ಲಿ ಎಸ್‌ಯುವಿ 3.5 ಮೀರಿದಾಗ ಶಂಕೆ ಬಲವಾಗುತ್ತದೆ. ಅಲ್ಲಿಯೂ ಬಯಾಪ್ಸಿ ತಪ್ಪುವುದಿಲ್ಲ.

ಆರ್ಥೋ ಆಂಕೋ ಸರ್ಜನ್

ನಿಮ್ಮ ರೋಗಿಯ ಗಂಟು ದೊಡ್ಡದು, ಆಳದಲ್ಲಿದೆ. ಪೆಟ್ ಮೊದಲು ಮಾಡಿಸಿ. 9 ಸೆಂ.ಮೀ. ಗಂಟೆಂದರೆ ನಡುವೆ ಸತ್ತ ಭಾಗ ಇರುವ ಸಂಭವ ಹೆಚ್ಚು. ಸೂಜಿ ಅಲ್ಲಿಗೆ ಹೋದರೆ 'ನೆಕ್ರೋಸಿಸ್ ಮಾತ್ರ' ಅಂತ ವರದಿ ಬರುತ್ತದೆ, ಅಥವಾ ಇರುವುದಕ್ಕಿಂತ ಕಡಿಮೆ ಗ್ರೇಡ್ ಕಾಣುತ್ತದೆ. ಅತಿ ಹೆಚ್ಚು ಹೊಳೆಯುವ ಜಾಗಕ್ಕೇ ಸಿಟಿ ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ಕೋರ್ ಸೂಜಿ ಹಾಕಬೇಕು, ಹಲವು ತುಣುಕು ತೆಗೆಯಬೇಕು.

ಆದರೆ ದಾರಿ ಮುಖ್ಯ. ಹೊಳೆಯುವ ಜಾಗಕ್ಕೆ ಹತ್ತಿರ ಅಂತ ಇನ್ನೊಂದು ಕಂಪಾರ್ಟ್‌ಮೆಂಟ್ (ಪೊರೆಯೊಳಗಿನ ಸ್ನಾಯುಗಳ ಗುಂಪು) ದಾಟಿ ಸೂಜಿ ಹಾಕಿದರೆ ಅದಕ್ಕೂ ಕ್ಯಾನ್ಸರ್ ಕೋಶ ತಗಲಿ ಕಲುಷಿತ. ಮುಂದೆ ಆಪರೇಷನ್ ಮಾಡುವವರ ಕೊಯ್ತದ ಗೆರೆಯಲ್ಲೇ ಸೂಜಿ ಹೋಗಬೇಕು, ಆ ಜಾಡನ್ನೂ ಗಂಟಿನ ಜೊತೆಗೇ ತೆಗೆಯುತ್ತಾರೆ. ನೀವೇ ಕೊಯ್ದು ನೋಡುವುದಂತೂ ಬೇಡ, ಅಡ್ಡ ಕೊಯ್ತ ಸುತರಾಂ ಬೇಡ. ಬಯಾಪ್ಸಿ ಆಗಲೇ ಆಗಿದ್ದರೆ ತಾರೀಖು, ಜಾಗ ಬರೆದು ಕಳಿಸಿ. ಗಾಯದ ಉರಿಯೂತವೂ ಹೊಳೆಯುತ್ತದೆ.

ಒಂದು ಮಾತು: ಎಲ್ಲ ಗಂಟಿಗೂ ಪೆಟ್ ಬೇಕಿಲ್ಲ. ಚಿಕ್ಕದು, ಎಂಆರ್‌ಐನಲ್ಲಿ ಒಳಗೆಲ್ಲ ಒಂದೇ ಸಮ ಇದೆ ಅಂದರೆ ಎಂಆರ್‌ಐ, ಕೋರ್ ಬಯಾಪ್ಸಿ, ಎದೆಯ ಸಿಟಿ ಸಾಕು. ರೋಗಿಯ ದುಡ್ಡೂ ಉಳಿಯುತ್ತದೆ.

ಪೆಟ್-ಸಿಟಿ ಟೆಕ್ನಾಲಜಿಸ್ಟ್

ಕೋರಿಕೆ ಪತ್ರದಲ್ಲಿ 'ನೆತ್ತಿಯಿಂದ ಪಾದದವರೆಗೆ' ಅಂತ ಸ್ಪಷ್ಟವಾಗಿ ಬರೆಯಿರಿ ಸರ್. ಬರೀ 'ಹೋಲ್ ಬಾಡಿ' ಅಂದರೆ ಎಷ್ಟೋ ಕಡೆ ತಲೆಬುರುಡೆಯ ಬುಡದಿಂದ ತೊಡೆಯ ನಡುವಿಗೆ ನಿಲ್ಲಿಸುತ್ತಾರೆ. ಗಂಟು ಅರ್ಧ ಬಿಟ್ಟುಹೋಗುತ್ತದೆ.

ಸಕ್ಕರೆ ವಿಷಯ. ಇಂಜೆಕ್ಷನ್ ವೇಳೆಗೆ 200 ಮಿ.ಗ್ರಾಂ ಒಳಗಿರಬೇಕು. ಹೆಚ್ಚಿದೆ ಅಂತ ಆಗಲೇ ಇನ್ಸುಲಿನ್ ಕೊಟ್ಟು ಕೂಡಲೇ ಎಫ್‌ಡಿಜಿ ಹಾಕಿದರೆ ಮೈಯ ಸ್ನಾಯುವೆಲ್ಲ ಅದನ್ನು ಹೀರಿಕೊಳ್ಳುತ್ತದೆ, ತೊಡೆಯ ಗಂಟು ಅದರಲ್ಲೇ ಕರಗಿಹೋಗುತ್ತದೆ. ಮಧ್ಯಾಹ್ನ 12ರ ಸ್ಲಾಟ್ ಕೇಳಿ. ಬೆಳಿಗ್ಗೆ 7ಕ್ಕೆ ಎಂದಿನ ತಿಂಡಿ, ಎಂದಿನ ಬೇಗ ಕೆಲಸ ಮಾಡುವ ಇನ್ಸುಲಿನ್. ಆಮೇಲೆ ನೀರು ಮಾತ್ರ. ಸಕ್ಕರೆ ಹಾಕದ ಕಾಫಿಯೂ ಬೇಡ, ಹಾಲಿರುತ್ತದೆ. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಇದ್ದರೆ ಸೆಂಟರ್‌ಗೆ ಮೊದಲೇ ಫೋನ್ ಮಾಡಿ ಕೇಳಿ. ಮೆಟ್‌ಫಾರ್ಮಿನ್‌ನಿಂದ ಹೊಳೆಯುವುದು ಕರುಳು. ತೊಡೆಯ ಗಂಟಿಗೆ ಅದು ಅಡ್ಡಿಯಲ್ಲ. ಗಂಟು ಹೊಟ್ಟೆಯ ಹಿಂಬದಿಯಲ್ಲಿದ್ದರೆ 48 ಗಂಟೆ ನಿಲ್ಲಿಸುವ ಮಾತು ಬರುತ್ತದೆ.

ಹಿಂದಿನ ದಿನ ಹೊಲದ ಕೆಲಸ, ದೂರದ ನಡಿಗೆ ಬೇಡ. ಇಂಜೆಕ್ಷನ್ ಆದಮೇಲೆ 60 ನಿಮಿಷ ಬೆಚ್ಚಗೆ ಮಲಗಿರಬೇಕು. ಕೈಯಲ್ಲಿ ವೇನ್ ಸಿಗದಿದ್ದರೂ ಬಲಗಾಲಿಗೆ ಚುಚ್ಚಬಾರದು. ಮದ್ದು ಸೋರಿದರೆ ಬಲ ತೊಡೆಸಂದಿಯ ಲಿಂಫ್ ಗ್ರಂಥಿ ಸುಳ್ಳೇ ಹೊಳೆದು, ರೋಗ ಹರಡಿದೆ ಅಂತ ಓದಿಬಿಡುತ್ತಾರೆ. ಸೋರಿದರೆ ಎಸ್‌ಯುವಿ ಕೂಡ ಕಡಿಮೆ ಬರುತ್ತದೆ. ಗಡಿಯಾರವೂ ನೋಡಿ: ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ, ಡೋಸ್ ಅಳೆಯುವ ಯಂತ್ರಕ್ಕೂ ಸ್ಕ್ಯಾನರ್‌ಗೂ 15 ನಿಮಿಷ ವ್ಯತ್ಯಾಸವಿದ್ದರೆ ಎಸ್‌ಯುವಿಯಲ್ಲಿ ಸುಮಾರು 10% ತಪ್ಪು.

ತೊಡೆ ಕೇಸ್‌ಗಳಲ್ಲಿ ಇನ್ನೊಂದು ಕಾಟ ಮೂತ್ರ, ಎಫ್‌ಡಿಜಿ ಅದರಲ್ಲೂ ಹೋಗುತ್ತದೆ. ಸ್ಕ್ಯಾನಿಗೆ ಮುಂಚೆ ಮೂತ್ರ ಮಾಡಿಸುವಾಗ ಪಂಚೆಗೆ ನಾಲ್ಕು ಹನಿ ಬಿದ್ದರೂ ಚಿತ್ರದಲ್ಲಿ ತೊಡೆಯ ಚರ್ಮದ ಮೇಲೆ, ಗಂಟು ಹೊಳೆದಂತೆಯೇ, ಕಪ್ಪು ಚುಕ್ಕೆ ಬರುತ್ತದೆ. ಚರ್ಮದ ಮಟ್ಟದಲ್ಲೇ ಇದ್ದು ಸಿಟಿಯಲ್ಲಿ ಅಲ್ಲೇನೂ ಇಲ್ಲದಿದ್ದರೆ, ಬಟ್ಟೆ ಬದಲಿಸಿ, ಚರ್ಮ ಒರೆಸಿ ಆ ಭಾಗವನ್ನಷ್ಟೇ ಮತ್ತೆ ತೆಗೆಯುವುದು.

ರೇಡಿಯಾಲಜಿಸ್ಟ್

ಸಾರ್ಕೋಮಾ ಮೊದಲು ಹೋಗುವುದು ಹೆಚ್ಚಾಗಿ ಶ್ವಾಸಕೋಶಕ್ಕೆ. ಪೆಟ್ ಜೊತೆಗಿನ ಸಿಟಿಯನ್ನು ಸಾಮಾನ್ಯವಾಗಿ ಉಸಿರಾಡುತ್ತಿರುವಾಗಲೇ ತೆಗೆಯುವುದರಿಂದ ಚಿಕ್ಕ ಗಂಟು ಮಸುಕಾಗುತ್ತದೆ, 8 ಮಿ.ಮೀ.ಗಿಂತ ಚಿಕ್ಕದು ಹೊಳೆಯದೆಯೂ ಇರಬಹುದು. ಉಸಿರು ಬಿಗಿಹಿಡಿಸಿ ಎದೆಯ ತೆಳು ಸಿಟಿಯನ್ನೂ ಅದೇ ದಿನ ತೆಗೆಯಲು ಬರೆಯಿರಿ. ಬಯಾಪ್ಸಿಯಲ್ಲಿ ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಅಂತ ಬಂದರೆ ಬೆನ್ನುಮೂಳೆಗೆ ಎಂಆರ್‌ಐ ಬೇರೆಯಾಗಿ ಮಾಡಿಸಿ. ಅದು ಮೂಳೆಗೆ ಹೋದಾಗ ಪೆಟ್‌ನಲ್ಲೂ ಟೆಕ್ನೀಷಿಯಂ ಬೋನ್ ಸ್ಕ್ಯಾನ್‌ನಲ್ಲೂ ಕಾಣದೆ, ಎಂಆರ್‌ಐನಲ್ಲಿ ಮಾತ್ರ ಸಿಕ್ಕಿಬೀಳುವುದುಂಟು.